ಕನ್ನಡಕ, ಲೆನ್ಸ್, ಲೇಸರ್: ಮಳೆಯ ಊರಿನಲ್ಲಿ ಯಾವುದು ಯಾರಿಗೆ?

ಹೋದ ವರ್ಷ ಕಕ್ಕಡ ತಿಂಗಳಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಗಾಲದಲ್ಲಿ, ನನ್ನ ಕನ್ನಡಕವನ್ನು ನಾನೇ ತುಳಿದೆ. ಗಾಳಿಗೆ ಮುರಿದ ಸಿಲ್ವರ್ ಓಕ್ ಕೊಂಬೆ ಕಾಫಿ ಗಿಡದ ಮೇಲೆ ಬಿದ್ದಿತ್ತು. ಎಳೆಯೋಣ ಅಂತ ಬಗ್ಗಿದೆ. ಗ್ಲಾಸಿಗೆ ಆವಿ ಹಿಡಿಯಿತು. ಒರೆಸಲು ತೆಗೆದರೆ ಕೈಜಾರಿ ಕೆಸರಿಗೆ ಬಿತ್ತು. ಹುಡುಕಲು ಒಂದು ಹೆಜ್ಜೆ ಇಟ್ಟೆ ನೋಡಿ, ಗಂಬೂಟಿನ ಕೆಳಗೆ ಕಟಕ್.

ನನ್ನದು ಎರಡೂ ಕಣ್ಣಿಗೆ ಮೈನಸ್ 3.25. ಮನೆಯ ದಾರಿ ಕಾಲಿಗೆ ಗೊತ್ತು. ಆದರೆ ದಾರಿಗೆ ಅಡ್ಡ ಬಿದ್ದಿರುವುದು ಮೆಣಸಿನ ಬಳ್ಳಿಯೋ ಹಾವೋ ಅನ್ನುವುದು ಗೊತ್ತಾಗಲಿಲ್ಲ. ಪ್ರತಿ ಬಳ್ಳಿಗೂ ನಿಂತು, ಕೋಲಿನಲ್ಲಿ ತಟ್ಟಿ ಮನೆ ಸೇರಿದೆ. ಆ ರಾತ್ರಿ ಊಟಕ್ಕೆ ಕೂತ ಎಲ್ಲರದ್ದೂ ಒಂದೇ ಮಾತು: ಲೇಸರ್ ಮಾಡಿಸಿಕೊಂಡು ಬಿಡು, ಈ ರಗಳೆ ಮುಗಿಯುತ್ತದೆ.

ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಕಣ್ಣು ಲೇಸರ್‌ಗೆ ಸರಿಯಾಗಿದೆ ಅಂದರು. ಆದರೂ ಬೇಡ ಅಂದುಕೊಂಡು ಹೊಸ ಕನ್ನಡಕಕ್ಕೆ ಅಳತೆ ಕೊಟ್ಟು ವಾಪಸ್ ಬಂದೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಆ ಓಡಾಟದಲ್ಲಿ ಕಲಿತದ್ದು ಇಷ್ಟು: ಕನ್ನಡಕ ಒಳ್ಳೆಯದೋ ಲೇಸರ್ ಒಳ್ಳೆಯದೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಕಣ್ಣು ಬೆಳಗ್ಗೆಯಿಂದ ರಾತ್ರಿವರೆಗೆ ಏನು ನೋಡುತ್ತದೆ, ಎಲ್ಲಿ ಇರುತ್ತದೆ, ಏನಾದರೂ ಆದರೆ ಡಾಕ್ಟರ್ ಎಷ್ಟು ದೂರ ಅಂತ ಕೇಳಿಕೊಂಡರೆ ಸಿಗುತ್ತದೆ.

ಮೊದಲು ಚೀಟಿ

ಕಣ್ಣಿನ ಚೀಟಿಯನ್ನು ಸುಮ್ನೆ ಪರ್ಸಿನಲ್ಲಿ ಮಡಚಿ ಇಡುವವರೇ ಜಾಸ್ತಿ. ಒಮ್ಮೆ ಓದಿ. ಸ್ಫಿಯರ್ ಅಂತ ಇರುವ ಕಡೆ ಮೈನಸ್ ಇದ್ದರೆ ದೂರದ್ದು ಮಸುಕು, ಪ್ಲಸ್ ಇದ್ದರೆ ಹತ್ತಿರದ್ದಕ್ಕೆ ತ್ರಾಸ ಜಾಸ್ತಿ. ಸಿಲಿಂಡರ್ ಅಂದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಎಲ್ಲ ಕಡೆ ಒಂದೇ ಸಮ ಗುಂಡಗಿಲ್ಲ ಅಂತ. ಆಕ್ಸಿಸ್ ಅನ್ನುವುದು ಆ ಓರೆ ಯಾವ ಕೋನದಲ್ಲಿದೆ ಅನ್ನುವ ಲೆಕ್ಕ. ಆಡ್ ಅಂತ ಬರೆದಿದ್ದರೆ ನಿಮಗೆ ನಲವತ್ತು ಆಗಿದೆ ಅಂತ ಅರ್ಥ. ನಮ್ಮ ಹಿರಿಯರು ಕನ್ನಡಕಕ್ಕೆ ಚಾಳೀಸು ಅನ್ನುತ್ತಿದ್ದದ್ದೂ ಆ ನಲವತ್ತರ ಲೆಕ್ಕದಲ್ಲೇ.

ಮೈನಸ್ ಇರುವವರಿಗೆ ಒಂದು ಸುಲಭದ ಲೆಕ್ಕ ಇದೆ. ನೂರನ್ನು ನಿಮ್ಮ ಪವರ್‌ನಿಂದ ಭಾಗಿಸಿ. ಬರುವ ಸೆಂಟಿಮೀಟರ್‌ವರೆಗೆ ಕನ್ನಡಕ ಇಲ್ಲದೆಯೂ ನಿಮಗೆ ಚೊಕ್ಕವಾಗಿ ಕಾಣುತ್ತದೆ. ಮೈನಸ್ 2 ಇದ್ದರೆ 50, ಮೈನಸ್ 4 ಇದ್ದರೆ 25. ನನ್ನದು ಹತ್ತಿರಹತ್ತಿರ 31 ಸೆಂಟಿಮೀಟರ್. ಈ ಸಂಖ್ಯೆ ನೆನಪಿರಲಿ, ಲೇಸರ್ ಮಾತು ಬಂದಾಗ ಬೇಕಾಗುತ್ತದೆ.

ಇನ್ನೊಂದು, ಪಿಡಿ. ಎರಡು ಪಾಪೆಗಳ ನಡುವಿನ ದೂರ, ಮಿಲಿಮೀಟರ್‌ನಲ್ಲಿ. ಆನ್‌ಲೈನ್‌ನಲ್ಲಿ ಕನ್ನಡಕ ತರಿಸುವವರು ಇದನ್ನು ಅಂಗಡಿಯಲ್ಲೇ ಅಳೆಸಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಕನ್ನಡಕ: ಹಳೆಯದು, ಆದರೆ ಸೋತಿಲ್ಲ

ಕನ್ನಡಕದಲ್ಲಿ ಫ್ರೇಮಿಗೆ ಕೊಡುವ ಗಮನದ ಅರ್ಧ ಕೂಡ ನಾವು ಗ್ಲಾಸಿಗೆ ಕೊಡುವುದಿಲ್ಲ. ನೋಡುವುದು ಗ್ಲಾಸಿನಿಂದ ಅಲ್ವಾ?

ಸಾಮಾನ್ಯ ಪ್ಲಾಸ್ಟಿಕ್ ಗ್ಲಾಸಿನ ಇಂಡೆಕ್ಸ್, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ, 1.50. ಪವರ್ ಮೈನಸ್ 2, 3ರವರೆಗೆ ಇದೇ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಅಂಚು ದಪ್ಪ ಕಾಣುತ್ತದೆ. ಆಗ 1.60, 1.67, 1.74 ಅಂತ ಮೇಲೆ ಹೋಗಬಹುದು. ಇಂಡೆಕ್ಸ್ ಏರಿದಂತೆ ಗ್ಲಾಸ್ ತೆಳು, ಬೆಲೆ ದಪ್ಪ. ಮೈನಸ್ 2 ಇರುವವರಿಗೆ 1.67 ಮಾರಲು ನೋಡಿದರೆ ಸುಮ್ನೆ ನಕ್ಕು ಬೇಡ ಅನ್ನಿ. ಚಿಕ್ಕ ಫ್ರೇಮ್ ಆರಿಸಿದರೂ ಅಂಚು ತೆಳುವಾಗುತ್ತದೆ, ಅದಕ್ಕೆ ಕಾಸಿಲ್ಲ.

ತೋಟದಲ್ಲಿ ಕೆಲಸ ಮಾಡುವವರಿಗೆ, ಮಕ್ಕಳಿಗೆ, ಆಟ ಆಡುವವರಿಗೆ ನನ್ನ ಓಟು ಪಾಲಿಕಾರ್ಬೊನೇಟ್‌ಗೆ. ಇಂಡೆಕ್ಸ್ 1.59. ಏಟಿಗೆ ಸುಲಭದಲ್ಲಿ ಒಡೆದು ಚೂರಾಗುವುದಿಲ್ಲ. ಗೀರು ಬೇಗ ಬೀಳುತ್ತದೆ, ಹಾಗಾಗಿ ಗೀರು ತಡೆಯುವ ಕೋಟಿಂಗ್ ಜೊತೆಗೇ ಬೇಕು. ಗಾಜಿನ ಗ್ಲಾಸ್ ಇವತ್ತಿಗೂ ಕೆಲವರ ಹತ್ತಿರ ಇದೆ. ಕಾಫಿ ಗಿಡದ ಕೊಂಬೆ ಸವರುವ ಕಪಾತು ಮಾಡುವಾಗ, ನೆರಳು ಮರದ ಕೊಂಬೆ ಕಡಿಯುವ ಮರಗಸಿ ನಡೆಯುವಾಗ ಅದನ್ನು ಹಾಕಿಕೊಂಡು ನಿಲ್ಲುವುದು ಬೇಡ. ಒಡೆದರೆ ಚೂರು ಹೋಗುವುದು ಕಣ್ಣಿಗೆ.

ಕೋಟಿಂಗ್‌ಗಳಲ್ಲಿ ಪ್ರತಿಫಲನ ತಡೆಯುವುದು ದುಡ್ಡಿಗೆ ತಕ್ಕದ್ದು. ರಾತ್ರಿ ಸಂಪಾಜೆ ಘಾಟಿ ಇಳಿಯುವಾಗ ಎದುರು ಲಾರಿಯ ದೀಪ ಗ್ಲಾಸಿನಲ್ಲಿ ಎರಡು ಮೂರಾಗಿ ಕಾಣುತ್ತದಲ್ಲ, ಅದು ಕಡಿಮೆಯಾಗುತ್ತದೆ. ಸಿದ್ದಾಪುರ ಕಡೆ ಬೆಳಗ್ಗಿನ ಮಂಜಿನಲ್ಲಿ ಮುಂದೆ ನಿಂತದ್ದು ಬಂಡೆಯೋ ಆನೆಯೋ ಅಂತ ನೋಡಬೇಕಾದವರಿಗಂತೂ ಬೇಕೇ ಬೇಕು. ನೀರು ನಿಲ್ಲದೆ ಜಾರುವ ಕೋಟಿಂಗ್ ಕೂಡ ನಮ್ಮ ಮಳೆಗೆ ಉಪಯೋಗ.

ನೀಲಿ ಬೆಳಕು ತಡೆಯುವ ಬ್ಲೂ ಕಟ್‌ಗೆ ಮಾತ್ರ ಬೇರೆ ದುಡ್ಡು ಕೊಡಬೇಡಿ. ಮೊಬೈಲ್, ಕಂಪ್ಯೂಟರ್‌ನಿಂದ ಬರುವ ಕಣ್ಣಿನ ಆಯಾಸಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಅಂತ 2023ರಲ್ಲಿ ಬಂದ, ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆ ಹೇಳಿತು. 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ, ಉರಿ ಬರುವುದು ಹೆಚ್ಚಾಗಿ ಅದಕ್ಕೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಕಿಟಕಿಯಾಚೆ ಮರ ನೋಡಿ. ಮರಕ್ಕೇನು ಇಲ್ಲಿ ಕೊರತೆಯಾ?

ಬಿಸಿಲಿಗೆ ಕಪ್ಪಾಗುವ ಫೋಟೊಕ್ರೋಮಿಕ್ ಗ್ಲಾಸ್ ಜನವರಿಯಲ್ಲಿ ಕಣದ ಮೇಲೆ ಕಾಫಿ ಹರವುವಾಗ ಚೆನ್ನ. ಸಿಮೆಂಟ್ ಕಣದ ಝಳ ಕಣ್ಣಿಗೆ ಹೊಡೆಯುತ್ತದೆ. ಚಳಿಯಲ್ಲಿ ಆ ಗ್ಲಾಸ್ ಇನ್ನೂ ಜಾಸ್ತಿ ಕಪ್ಪಾಗುತ್ತದೆ. ಆದರೆ ಜೀಪು ಹತ್ತಿದರೆ ಅಷ್ಟು ಕಪ್ಪಾಗದು. ಅದು ಕಪ್ಪಾಗುವುದು ಅತಿನೇರಳೆ ಕಿರಣಕ್ಕೆ, ಮುಂದಿನ ಗಾಜು ಅದನ್ನು ತಡೆದುಬಿಡುತ್ತದೆ. ಡ್ರೈವಿಂಗ್‌ಗೆ ಅಂತಲೇ ತೆಗೆದುಕೊಂಡು ಬೇಜಾರಾದವರನ್ನು ನೋಡಿದ್ದೇನೆ.

ಇನ್ನು ಪ್ರೊಗ್ರೆಸಿವ್ ಗ್ಲಾಸ್. ಮೇಲೆ ದೂರ, ನಡುವೆ ಕಂಪ್ಯೂಟರ್, ಕೆಳಗೆ ಓದು. ಬೈಫೋಕಲ್‌ನಲ್ಲಿರುವ ಗೆರೆ ಇಲ್ಲಿ ಕಾಣುವುದಿಲ್ಲ. ನನ್ನ ಮೊದಲ ಪ್ರೊಗ್ರೆಸಿವ್‌ನ ಕತೆ ಕೇಳಿ. ಫ್ರೇಮ್ ನನ್ನ ಮುಖದ ಮೇಲಿಟ್ಟು ಪಾಪೆ ಎಲ್ಲಿ ಬರುತ್ತದೆ ಅಂತ ಗುರುತು ಹಾಕಬೇಕಿತ್ತು. ಅಂಗಡಿಯವರು ಹಾಕಲಿಲ್ಲ, ಅಂದಾಜಿನಲ್ಲೇ ಕಳಿಸಿದರು. ಬಂದ ಕನ್ನಡಕದಲ್ಲಿ ಪೇಪರ್ ಓದಬೇಕಾದರೆ ಗದ್ದ ಎತ್ತಿ ಸೀಲಿಂಗ್ ನೋಡುವವನ ಹಾಗೆ ಕೂರಬೇಕಿತ್ತು. ಮೆಟ್ಟಿಲು ಅಲೆ ಅಲೆಯಾಗಿ ಕಾಣುತ್ತಿತ್ತು. ಅಭ್ಯಾಸ ಆಗುತ್ತದೆ ಸರ್ ಅಂದರು. ಎರಡು ತಿಂಗಳಾದರೂ ಆಗಲಿಲ್ಲ. ಪ್ರೊಗ್ರೆಸಿವ್‌ಗೆ ಹೊಂದಿಕೊಳ್ಳಲು ಒಂದೆರಡು ವಾರ ಸಾಕು. ಅಷ್ಟರಲ್ಲಿ ಸರಿಹೋಗದಿದ್ದರೆ ತಪ್ಪು ಅಳತೆಯಲ್ಲಿರಬಹುದು, ಮತ್ತೆ ಅಳೆಸಿ. ಇಳಿಜಾರಿನ ತೋಟದಲ್ಲಿ ಓಡಾಡುವವರಿಗೆ ಕೆಳಗೆ ನೋಡಿದಾಗ ನೆಲ ಮಸುಕಾಗುವುದು ದೊಡ್ಡ ತೊಂದರೆ. ಹಾಗಾಗಿ ನಾನು ತೋಟಕ್ಕೆ ಬರೀ ದೂರದ ಗ್ಲಾಸ್ ಹಾಕುತ್ತೇನೆ, ಬ್ಯಾಂಕು, ಮೀಟಿಂಗಿಗೆ ಪ್ರೊಗ್ರೆಸಿವ್.

ಶುಕ್ರವಾರದ ಮಡಿಕೇರಿ ಸಂತೆಗೆ ಹೋದಾಗ ರೆಡಿಮೇಡ್ ಓದುವ ಕನ್ನಡಕ ಕೊಂಡು ತರುವವರಿದ್ದಾರೆ. ಎರಡೂ ಕಣ್ಣಿನ ಪವರ್ ಒಂದೇ ಇದ್ದು ಸಿಲಿಂಡರ್ ಇಲ್ಲದಿದ್ದರೆ ತಪ್ಪೇನಿಲ್ಲ, ಕಣ್ಣು ಹಾಳಾಗುವುದಿಲ್ಲ. ತೊಂದರೆ ಬೇರೆ. ಕನ್ನಡಕ ಸಿಕ್ಕಿತು ಅಂತ ಅವರು ಕಣ್ಣಿನ ಡಾಕ್ಟರ್ ಹತ್ತಿರ ಹೋಗುವುದೇ ಇಲ್ಲ. ಗ್ಲಾಕೋಮಾ ನೋವಿಲ್ಲದೆ, ಸದ್ದಿಲ್ಲದೆ ಬದಿಯಿಂದ ದೃಷ್ಟಿ ತಿನ್ನುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ಮತ್ತು ನರ ನೋಡಿಸಲೇಬೇಕು.

ಆವಿಗೆ ಏನು ಮಾಡುವುದು? ಗ್ಲಾಸನ್ನು ಮೊದಲು ನಲ್ಲಿ ನೀರಿನಲ್ಲಿ ಹಿಡಿಯಿರಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬೆರಳಲ್ಲಿ ಉಜ್ಜಿ ತೊಳೆಯಿರಿ, ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಸ್ವಲ್ಪ ಹೊತ್ತು ಆವಿ ಹಿಡಿಯುವುದಿಲ್ಲ. ಒಣ ಗ್ಲಾಸನ್ನು ಪಂಚೆಯಲ್ಲೋ ಶರ್ಟಿನ ತುದಿಯಲ್ಲೋ ಒರೆಸಿದರೆ ಧೂಳೇ ಗೀರು ಎಳೆಯುತ್ತದೆ. ಬಿಸಿನೀರು ಬೇಡ, ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲೂ ಬೇಡ. ಎರಡರಿಂದಲೂ ಕೋಟಿಂಗ್ ಬಿರಿಯುತ್ತದೆ.

ಕಾಂಟ್ಯಾಕ್ಟ್ ಲೆನ್ಸ್: ಮದುವೆ ಮನೆಗೆ ಸರಿ, ಗದ್ದೆಗೆ ಬೇಡ

ಲೆನ್ಸ್‌ನ ಸುಖ ಹಾಕಿದವರಿಗೇ ಗೊತ್ತು. ಮಳೆ ಹನಿ ಇಲ್ಲ, ಆವಿ ಇಲ್ಲ, ಬದಿಯ ನೋಟವೂ ಪೂರ್ತಿ. ಪವರ್ ಜಾಸ್ತಿ ಇರುವವರಿಗೆ ವಸ್ತುಗಳು ನಿಜದ ಅಳತೆಯಲ್ಲಿ ಕಾಣುತ್ತವೆ. ಮೈನಸ್ ಕನ್ನಡಕ ಎಲ್ಲವನ್ನೂ ಸ್ವಲ್ಪ ಚಿಕ್ಕದು ಮಾಡಿ ತೋರಿಸುತ್ತದೆ. ನನ್ನ ತಂಗಿ ಮದುವೆಯಲ್ಲಿ ಲೆನ್ಸ್ ಹಾಕಿ ಓಡಾಡಿದೆ. ಫೋಟೊದಲ್ಲಿ ಮೂಗಿನ ಮೇಲೆ ಕನ್ನಡಕದ ಗುರುತು ಮಾತ್ರ ಎದ್ದು ಕಾಣುತ್ತದೆ, ಬಿಡಿ.

ಆದರೆ ಲೆನ್ಸ್‌ಗೆ ನೀರು ಅಂದರೆ ಶತ್ರು. ಅಕಾಂತಅಮೀಬಾ ಅನ್ನುವ ಜೀವಿ ನಲ್ಲಿ ನೀರು, ಬಾವಿ, ಹೊಳೆ, ಮಣ್ಣು ಎಲ್ಲ ಕಡೆ ಇದೆ. ಬರಿಗಣ್ಣಿಗೆ ಅದರಿಂದ ತೊಂದರೆ ಆಗುವುದು ತೀರಾ ಅಪರೂಪ. ಲೆನ್ಸ್ ಹಾಕಿದಾಗ ನೀರು ಹೋದರೆ ಅದು ಲೆನ್ಸ್ ಮತ್ತು ಕಾರ್ನಿಯಾ ನಡುವೆ ಉಳಿದುಕೊಳ್ಳಬಹುದು. ಸೋಂಕು ಹಿಡಿದರೆ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವೊಮ್ಮೆ ಕಾರ್ನಿಯಾ ಕಸಿ ಮಾಡುವವರೆಗೆ ಹೋಗುತ್ತದೆ. ಹಾಗಾಗಿ ತುಲಾ ಸಂಕ್ರಮಣಕ್ಕೆ ಭಾಗಮಂಡಲದ ಸಂಗಮದಲ್ಲಿ ಮುಳುಗುವ ಮೊದಲು ಲೆನ್ಸ್ ತೆಗೆದಿಡಿ. ದುಬಾರೆಯಲ್ಲಿ ರಾಫ್ಟಿಂಗ್‌ಗೆ ಹೋಗುವವರೂ ಅಷ್ಟೇ. ಮನೆಯಲ್ಲಿ ಸ್ನಾನಕ್ಕೂ ತೆಗೆಯಬೇಕು. ಲೆನ್ಸನ್ನು ನೀರಿನಲ್ಲಿ ತೊಳೆಯುವುದು, ಎಂಜಲು ಹಚ್ಚಿ ಹಾಕುವುದು, ನಿನ್ನೆಯ ಸೊಲ್ಯೂಷನ್‌ಗೆ ಇವತ್ತಿನದ್ದು ಸ್ವಲ್ಪ ಸೇರಿಸುವುದು, ಮೂರೂ ಕೂಡದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಹಾಕಿಕೊಂಡು ಮಲಗಬೇಡಿ. ಮೈಸೂರು ಬಸ್ಸಿನಲ್ಲಿ ಕುಶಾಲನಗರ ದಾಟುವಷ್ಟರಲ್ಲಿ ನಿದ್ದೆ ಬರುವವರು ಆ ಪ್ರಯಾಣಕ್ಕೆ ಕನ್ನಡಕವೇ ಹಾಕಿ.

ತಿಂಗಳ ಲೆನ್ಸೋ ದಿನದ ಲೆನ್ಸೋ? ದಿನಾ ಹಾಕುವವರಿಗೆ ತಿಂಗಳದ್ದು ಅಗ್ಗ. ಅಪರೂಪಕ್ಕೆ, ಮದುವೆ, ಪುತ್ತರಿ, ಆಟದ ದಿನ ಅಂತ ಹಾಕುವವರಿಗೆ ಬೆಳಗ್ಗೆ ಹಾಕಿ ರಾತ್ರಿ ಎಸೆಯುವುದೇ ಒಳ್ಳೆಯದು. ತೊಳೆಯುವ ರಗಳೆ ಇಲ್ಲ, ಸೋಂಕಿನ ಭಯವೂ ಕಡಿಮೆ. ಸಿಲಿಂಡರ್ ಇರುವವರಿಗೆ ಟೋರಿಕ್ ಅಂತ ಬೇರೆ ಲೆನ್ಸ್ ಬೇಕು. ಕನ್ನಡಕದ ಚೀಟಿ ತೋರಿಸಿ ಲೆನ್ಸ್ ಕೊಳ್ಳುವುದು ತಪ್ಪು. ಕಾರ್ನಿಯಾದ ಉಬ್ಬಿನ ಅಳತೆ ಬೇರೆ ಬೇಕು. ಪವರ್ ನಾಲ್ಕು ದಾಟಿದರೆ ಸಂಖ್ಯೆಯೂ ಬದಲಾಗುತ್ತದೆ. ಕನ್ನಡಕದಲ್ಲಿ ಮೈನಸ್ 5 ಇದ್ದರೆ ಲೆನ್ಸಿನಲ್ಲಿ ಮೈನಸ್ 4.75 ಸಾಕು, ಯಾಕೆಂದರೆ ಅದು ಕಣ್ಣಿಗೇ ಅಂಟಿ ಕೂರುತ್ತದೆ.

ಧೂಳು, ಔಷಧಿ ಸಿಂಪಡಣೆ, ಸೌದೆ ಒಲೆಯ ಹೊಗೆ, ಈ ಮೂರರ ನಡುವೆ ದಿನ ಕಳೆಯುವವರಿಗೆ ಲೆನ್ಸ್ ಬೇಡ. ಮೆಣಸು ಕೊಯ್ಯಲು ಏಣಿ ಹತ್ತಿದಾಗ ಕಣ್ಣಿಗೆ ಕಸ ಬಿದ್ದರೆ ಮಣ್ಣಿನ ಕೈಯಲ್ಲಿ ಲೆನ್ಸ್ ತೆಗೆಯುವುದು ಹೇಗೆ? ಹಾಕಲೇಬೇಕು ಅನ್ನುವವರ ಜೇಬಿನಲ್ಲಿ ಕನ್ನಡಕ ಇರಲಿ. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲು ಆಗದಿದ್ದರೆ ಲೆನ್ಸ್ ತೆಗೆದು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಲೆನ್ಸನ್ನು ಎಸೆಯದೆ ಜೊತೆಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು.

ಕೆರಟೊಕೋನಸ್ ಇರುವವರ ವಿಷಯ ಬೇರೆ. ಕಾರ್ನಿಯಾ ಕೋನಿನಂತೆ ಮುಂದೆ ಬರುವ ರೋಗ ಅದು. ಅವರಿಗೆ ಗಟ್ಟಿ ಲೆನ್ಸ್ ಇಲ್ಲವೇ ದೊಡ್ಡ ಸ್ಕ್ಲೀರಲ್ ಲೆನ್ಸೇ ಕಣ್ಣು ಕಾಣಿಸುವ ದಾರಿ.

ಲೇಸರ್: ಹಾಕಿ ಹುಡುಗರಿಗೆ ಒಂದು, ನನ್ನಂಥವರಿಗೆ ಇನ್ನೊಂದು

ಕಾರ್ನಿಯಾ ಕೊರೆಯುವ ಎಕ್ಸೈಮರ್ ಲೇಸರಿನ ಹಿಂದೆ ಮದ್ರಾಸಿನಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಇದ್ದಾರೆ. 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬಿನಲ್ಲಿದ್ದರು. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಚೂರು ತಂದು ಅದರ ಮೇಲೆ ಈ ಲೇಸರ್ ಬಿಟ್ಟು ನೋಡಿದರು. ಸುತ್ತ ಸುಡದೆ, ಚೂಪಾಗಿ ಗೆರೆ ಕೊರೆಯಿತು. ಹಬ್ಬದ ಮಾರನೇ ದಿನ ಉಳಿದ ಮಾಂಸವನ್ನು ಬಿಸಿ ಮಾಡಿ ತಿನ್ನುವ ನಮಗೆ ಇದೆಲ್ಲ ಹೊಳೆಯುವುದಿಲ್ಲ.

ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದನ್ನೇ ಕೆತ್ತಿ ಆಕಾರ ಬದಲಿಸುವುದು ಲೇಸರ್. ಪವರ್ ಜಾಸ್ತಿ ಇದ್ದಷ್ಟೂ ಜಾಸ್ತಿ ಕೆತ್ತಬೇಕು. ಕಾರ್ನಿಯಾ ತೆಳು ಇದ್ದರೆ ಆಗುವುದಿಲ್ಲ. ದಾರಿಗಳು ಮುಖ್ಯವಾಗಿ ಮೂರು.

ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲಿನ ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗೆ ಕೆತ್ತಿ, ಮುಚ್ಚಳ ಮತ್ತೆ ಕೂರಿಸುತ್ತಾರೆ. ಹೊಲಿಗೆ ಇಲ್ಲ. ಮಾರನೇ ದಿನವೇ ಚೆನ್ನಾಗಿ ಕಾಣುತ್ತದೆ. ಆದರೆ ಆ ಮುಚ್ಚಳ ಮೊದಲಿನ ಗಟ್ಟಿಗೆ ಪೂರ್ತಿ ಬರುವುದಿಲ್ಲ. ವರ್ಷಗಳಾದ ಮೇಲೂ ಜೋರು ಏಟಿಗೆ ಜಾರಿದ್ದುಂಟು, ಅಪರೂಪಕ್ಕೆ.

ಪಿಆರ್‌ಕೆಯಲ್ಲಿ ಮುಚ್ಚಳವೇ ಇಲ್ಲ. ಮೇಲಿನ ತೆಳು ಚರ್ಮ ಕೆರೆದು ನೇರ ಕೆತ್ತುತ್ತಾರೆ. ಮೊದಲ ಎರಡು ಮೂರು ದಿನ ನೋವು, ಉರಿ, ಕಣ್ಣೀರು. ಕಾಣುವುದು ಚೊಕ್ಕವಾಗಲು ವಾರಗಳು ಬೇಕು. ಇದು ಹಳೆಯ ವಿಧಾನ, ಆದರೂ ಇವತ್ತಿಗೂ ಉಳಿದಿದೆ ಅಂದರೆ ಕಾರಣ ಇದೆ. ಮುಖಕ್ಕೆ ಏಟು ಬೀಳುವ ಆಟ, ಕೆಲಸದವರಿಗೆ ಜಾರುವ ಮುಚ್ಚಳದ ಭಯ ಇಲ್ಲ.

ಸ್ಮೈಲ್ ಹೊಸದು. ಕಾರ್ನಿಯಾದ ಒಳಗೇ ತೆಳು ಬಿಲ್ಲೆ ಕತ್ತರಿಸಿ, ಕೆಲವೇ ಮಿಲಿಮೀಟರ್ ಸೀಳಿನಿಂದ ಹೊರತೆಗೆಯುತ್ತಾರೆ. ಕಣ್ಣು ಒಣಗುವುದು ಲೇಸಿಕ್‌ಗಿಂತ ಕಡಿಮೆ ಅನ್ನುತ್ತಾರೆ. ಮೈನಸ್ ಮತ್ತು ಸಿಲಿಂಡರ್‌ಗೆ ಮಾಡುತ್ತಾರೆ. ಬೆಲೆ ಜಾಸ್ತಿ.

ಕೌಟುಂಬಿಕ ಹಾಕಿ ಪಂದ್ಯದಲ್ಲಿ ಸ್ಟಿಕ್ ಹಿಡಿದು ಇಳಿಯುವ ಹುಡುಗ, ಹುಡುಗಿ ನನ್ನ ಮನೆಯವರಾಗಿದ್ದರೆ ಪಿಆರ್‌ಕೆ ಇಲ್ಲವೇ ಸ್ಮೈಲ್ ಕೇಳಿ ಅನ್ನುತ್ತಿದ್ದೆ. ಲೇಸಿಕ್ ಮಾಡಿಸಿದವರು ಆಡಬಾರದು ಅಂತಲ್ಲ. ಆರಿಸುವ ಅವಕಾಶ ಇದ್ದಾಗ ಆಟಕ್ಕೆ ತಕ್ಕದ್ದು ಆರಿಸಬಹುದಲ್ಲ, ಅದಕ್ಕೆ.

ಸೈನ್ಯಕ್ಕೆ ಸೇರುವ ಆಸೆ ಇರುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ಕೊಡಗಿನಲ್ಲಿ ಈ ಪ್ರಶ್ನೆ ಬರದ ಮನೆ ಕಡಿಮೆ. ಕೂಡಿಗೆಯ ಸೈನಿಕ ಶಾಲೆಯಲ್ಲಿ ಓದಿದವರಿಗೂ, ಕಾಲೇಜಿನಿಂದ ನೇರ ಹೋಗುವವರಿಗೂ ಇದು ಅನ್ವಯ. ಲೇಸರ್ ಆದ ಕಣ್ಣನ್ನು ಕೆಲವು ಭರ್ತಿಗಳಲ್ಲಿ ಷರತ್ತಿನ ಮೇಲೆ ಒಪ್ಪುತ್ತಾರೆ, ಕೆಲವಕ್ಕೆ ಒಪ್ಪುವುದೇ ಇಲ್ಲ. ನೀವು ಹೋಗಬೇಕೆಂದಿರುವ ಭರ್ತಿಯ ಅಧಿಸೂಚನೆ ಓದಿದ ಮೇಲೆಯೇ ಆಪರೇಷನ್ ಟೇಬಲ್ ಹತ್ತಿ. ಸೆಲೆಕ್ಷನ್‌ಗೆ ಅನುಕೂಲ ಅಂತ ಮಾಡಿಸಿ ಅದರಿಂದಲೇ ಹೊರಬಿದ್ದರೆ ಹೊಟ್ಟೆ ಉರಿಯುತ್ತದೆ. ಬಣ್ಣಗುರುಡು ಲೇಸರ್‌ನಿಂದ ಹೋಗುವುದಿಲ್ಲ ಅನ್ನುವುದೂ ಗೊತ್ತಿರಲಿ.

ವಯಸ್ಸು ಹದಿನೆಂಟು ದಾಟಿರಬೇಕು, ಒಂದು ವರ್ಷವಾದರೂ ಪವರ್ ಬದಲಾಗದೆ ನಿಂತಿರಬೇಕು. ಬಸಿರು, ಬಾಣಂತನದಲ್ಲಿ ಬೇಡ. ಕೆರಟೊಕೋನಸ್ ಇದ್ದರೆ ಬೇಡವೇ ಬೇಡ. ಕಣ್ಣು ತುಂಬಾ ಒಣಗುವವರೂ ಯೋಚಿಸಬೇಕು, ಲೇಸರ್ ಆದ ಮೇಲೆ ಕೆಲವು ತಿಂಗಳು ಇನ್ನೂ ಒಣಗುತ್ತದೆ. ಪರೀಕ್ಷೆಗೆ ಹೋಗುವ ಒಂದೆರಡು ವಾರ ಮೊದಲೇ ಮೆತ್ತನೆಯ ಲೆನ್ಸ್ ಹಾಕುವುದು ನಿಲ್ಲಿಸಬೇಕು. ಗಟ್ಟಿ ಲೆನ್ಸ್ ಆದರೆ ಇನ್ನೂ ಮೊದಲೇ. ಕಾರ್ನಿಯಾದ ನಕ್ಷೆ ತೆಗೆಯದೆ, ದಪ್ಪ ಅಳೆಯದೆ, ಪಾಪೆ ಹಿಗ್ಗಿಸಿ ಕಣ್ಣಿನ ಹಿಂದಿನ ಪರದೆಯಾದ ರೆಟಿನಾ ನೋಡದೆ ತಾರೀಕು ಕೊಡುವ ಕಡೆಯಿಂದ ಎದ್ದು ಬನ್ನಿ.

ಪಾಪೆ ಹಿಗ್ಗಿಸುವ ಹನಿ ಅಂದೆನಲ್ಲ. ಅದು ಹಾಕಿದರೆ ನಾಲ್ಕಾರು ಗಂಟೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಒಬ್ಬರೇ ಕಾರಿನಲ್ಲಿ ಮೈಸೂರಿಗೆ ಹೋಗಿ, ಹನಿ ಹಾಕಿಸಿಕೊಂಡು, 120 ಕಿಲೋಮೀಟರ್ ವಾಪಸ್ ಓಡಿಸುವ ಲೆಕ್ಕ ಹಾಕಬೇಡಿ. ನಾನು ಹಾಕಿದ್ದೆ. ಹುಣಸೂರು ರಸ್ತೆಯ ಬಿಸಿಲಿಗೆ ಹೆದರಿ, ಸಂಬಂಧಿಕರ ಮನೆಯಲ್ಲಿ ಪರದೆ ಎಳೆದು ಸಂಜೆವರೆಗೆ ಮಲಗಿದೆ. ಆಪರೇಷನ್ ಆದರಂತೂ ಮಾರನೇ ದಿನ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಅಂತ ತೋರಿಸಲು ಹೋಗಬೇಕು. ಮೈಸೂರಾಗಲಿ ಮಂಗಳೂರಾಗಲಿ, ಜಿಲ್ಲೆಯಲ್ಲಿ ರೈಲು ಇಲ್ಲ, ಮಳೆಗೆ ಘಾಟಿ ಯಾವಾಗ ಮುಚ್ಚುತ್ತದೋ ಹೇಳಲಾಗದು. ಮಾಡಿಸುವುದಿದ್ದರೆ ಕಾಫಿ ಕೊಯ್ಲು ಮುಗಿದು ಮಳೆ ಶುರುವಾಗುವ ಮೊದಲಿನ ತಿಂಗಳು ಒಳ್ಳೆಯದು. ಖರ್ಚು ವಿಧಾನದ ಮೇಲೆ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೆ ಇದೆ. ಅದಕ್ಕೆ ಈ ಓಡಾಟ, ಉಳಿಯುವ ಖರ್ಚು, ಬಿಟ್ಟ ಕೆಲಸ ಸೇರಿಸಿ.

ಈಗ ನನ್ನ ಕಾರಣ. ನನಗೆ ನಲವತ್ತಮೂರು. ಕಾಫಿ ಕಾಯಿಕೊರಕ ಅನ್ನುವ ಕೀಟ ಹಣ್ಣಿನ ತುದಿಯಲ್ಲಿ, ಹೊಕ್ಕುಳ ಹತ್ತಿರ, ಗುಂಡುಸೂಜಿ ಚುಚ್ಚಿದಷ್ಟು ತೂತು ಮಾಡುತ್ತದೆ. ಕೀಟವೇ ಒಂದೂವರೆ ಮಿಲಿಮೀಟರ್. ನಾನು ಗೊಂಚಲು ಹಿಡಿದು, ಕನ್ನಡಕ ಹಣೆಗೇರಿಸಿ, ಒಂದು ಗೇಣಿಗಿಂತ ಸ್ವಲ್ಪ ಆಚೆ ಇಟ್ಟು ನೋಡುತ್ತೇನೆ. ತೂತು ಚೊಕ್ಕ ಕಾಣುತ್ತದೆ. ಅದೇ ನನ್ನ 31 ಸೆಂಟಿಮೀಟರ್. ನನ್ನ ವಾರಿಗೆಯ, ದೂರಕ್ಕೆ ಕನ್ನಡಕವೇ ಇಲ್ಲದ ಗೆಳೆಯ ಅದೇ ಗೊಂಚಲನ್ನು ಕೈ ಚಾಚಿ ಹಿಡಿದು, ಆಮೇಲೆ ಜೇಬಿನಲ್ಲಿ ಓದುವ ಕನ್ನಡಕ ಹುಡುಕುತ್ತಾನೆ. ಲೇಸರ್ ಮಾಡಿಸಿದ್ದರೆ ನಾನೂ ಅವನಾಗುತ್ತಿದ್ದೆ. ದೂರದ ಕನ್ನಡಕ ಹೋಗಿ ಹತ್ತಿರದ್ದು ಬರುತ್ತಿತ್ತು. ಚಾಳೀಸು, ಅಂದರೆ ನಲವತ್ತರ ಮೇಲೆ ಬರುವ ಹತ್ತಿರದ ಮಸುಕು, ಕಾರ್ನಿಯಾದ ತೊಂದರೆ ಅಲ್ಲ, ಒಳಗಿನ ಲೆನ್ಸ್ ಗಟ್ಟಿಯಾಗುವುದರಿಂದ ಬರುವುದು. ಲೇಸರ್ ಅದನ್ನು ತಡೆಯುವುದಿಲ್ಲ. ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಅಂತ ಕೆತ್ತುವ ಉಪಾಯ ಇದೆ, ಎಲ್ಲರಿಗೂ ಒಗ್ಗುವುದಿಲ್ಲ. ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಹಾಗೆ ಒಂದಷ್ಟು ದಿನ ಬದುಕಿ ನೋಡಬೇಕು.

ಇಪ್ಪತ್ತೈದರ ವಯಸ್ಸಿನವರಿಗೆ ಈ ಲೆಕ್ಕ ಪೂರ್ತಿ ಬೇರೆ. ಅವರಿಗೆ ಮುಂದೆ ಹದಿನೈದು ವರ್ಷ ಕನ್ನಡಕವಿಲ್ಲದ ಬದುಕು ಇದೆ. ಪವರ್ ನಿಂತಿದ್ದರೆ, ಪರೀಕ್ಷೆ ಸರಿ ಬಂದರೆ ಮಾಡಿಸಿ, ನಾನು ಬೇಡ ಅನ್ನುವುದಿಲ್ಲ. ಮಾಡಿಸುವ ಮೊದಲಿನ ಪವರ್, ಕಾರ್ನಿಯಾದ ಅಳತೆಯ ಕಾಗದಗಳನ್ನು ಮಾತ್ರ ತೋಟದ ದಾಖಲೆಗಳ ಜೊತೆ ಜೋಪಾನ ಮಾಡಿ. ಅರವತ್ತಕ್ಕೆ ಪೊರೆ ಆಪರೇಷನ್ ಬಂದಾಗ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಅವು ಬೇಕಾಗುತ್ತವೆ. ಪವರ್ ತುಂಬಾ ಜಾಸ್ತಿ ಇದ್ದವರು ಇನ್ನೊಂದು ನೆನಪಿಡಿ. ಕನ್ನಡಕ ಹೋದರೂ ಕಣ್ಣುಗುಡ್ಡೆ ಉದ್ದವೇ ಇರುತ್ತದೆ, ರೆಟಿನಾ ತೆಳುವೇ ಇರುತ್ತದೆ. ಕಣ್ಣ ಮುಂದೆ ಮಿಂಚು, ಒಮ್ಮೆಲೇ ಕಪ್ಪು ಚುಕ್ಕಿಗಳ ಮಳೆ, ಪರದೆ ಇಳಿದಂತೆ ನೆರಳು ಬಂದರೆ ಅದೇ ದಿನ ಹೊರಡಿ.

ಕಾರ್ನಿಯಾ ತೆಳು, ಪವರ್ ಮೈನಸ್ 10ರ ಆಸುಪಾಸು ಅನ್ನುವವರಿಗೆ ಐಸಿಎಲ್, ಅಂದರೆ ಕಣ್ಣಿನೊಳಗೆ ಕೂರಿಸುವ ಲೆನ್ಸ್ ಇದೆ. ನಿಮ್ಮ ಹುಟ್ಟಿನ ಲೆನ್ಸ್ ಹಾಗೇ ಇಟ್ಟು, ಅದರ ಮುಂದೆ ಇನ್ನೊಂದು ಕೂರಿಸುತ್ತಾರೆ. ಬೇಡವಾದರೆ ತೆಗೆಯಬಹುದು. ದುಬಾರಿ, ಮತ್ತು ಕಣ್ಣಿನ ಒಳಗಿನ ಆಪರೇಷನ್.

ಮನೆಯ ಚಿಕ್ಕವರು, ದೊಡ್ಡವರು

ಮಕ್ಕಳಿಗೆ ಲೇಸರ್ ಮಾತೇ ಇಲ್ಲ. ಕನ್ನಡಕ ಹಾಕಿದರೆ ಪವರ್ ಏರುತ್ತದೆ ಅಂತ ತೆಗೆಸುವ ಅಜ್ಜಿಯರಿದ್ದಾರೆ. ಏರುವುದು ಕನ್ನಡಕದಿಂದಲ್ಲ, ಕಣ್ಣುಗುಡ್ಡೆ ಬೆಳೆಯುವುದರಿಂದ. ಹೊರಗಿನ ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆ ಆಡುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಕ್ಕಳು ಮನೆಯೊಳಗೇ, ಕೈಯಲ್ಲಿ ಮೊಬೈಲ್. ಮಳೆ ಬಿಟ್ಟ ಅರ್ಧ ಗಂಟೆಗೂ ಹೊರಗೆ ಕಳಿಸಿ, ಜಿಗಣೆ ಕಚ್ಚಿದರೆ ಕಚ್ಚಲಿ. ಪವರ್ ಬೇಗ ಬೇಗ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೊಪಿನ್ ಹನಿ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಒಂದು ಕಣ್ಣು ಮಾತ್ರ ಮಸುಕಿದ್ದರೆ ಮಗು ಹೇಳುವುದೇ ಇಲ್ಲ, ಇನ್ನೊಂದರಲ್ಲಿ ನೋಡಿಕೊಂಡಿರುತ್ತದೆ. ಶಾಲೆಗೆ ಸೇರಿಸುವ ಮೊದಲು ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಿಸಿ.

ದೊಡ್ಡವರಿಗೆ ಪೊರೆ. ಹನಿಯಲ್ಲಿ ಕರಗುವುದಿಲ್ಲ, ಆಪರೇಷನ್ ಒಂದೇ ದಾರಿ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ಇದೆ, ಅದರಡಿ ಉಚಿತವಾಗಿ ಆಗುತ್ತದೆ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಮೊದಲು ಕೇಳಿ. ದೂರ, ಹತ್ತಿರ ಎರಡಕ್ಕೂ ಆಗುವ ದುಬಾರಿ ಮಲ್ಟಿಫೋಕಲ್ ಲೆನ್ಸ್ ಹಾಕಿಸಲೇಬೇಕು ಅಂತಿಲ್ಲ. ರಾತ್ರಿ ದೀಪದ ಸುತ್ತ ಉಂಗುರ ಕಾಣುವುದು ಅದರಲ್ಲಿ ಜಾಸ್ತಿ, ರಾತ್ರಿ ಗಾಡಿ ಓಡಿಸುವವರಿಗೆ ಸಾದಾ ಲೆನ್ಸೇ ಹಿತ. ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆ ರೆಟಿನಾ ನೋಡಿಸಿ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ.

ತೋಟದಲ್ಲಿ ಕಣ್ಣು

ಯಾವುದನ್ನೇ ಆರಿಸಿದರೂ ಕಣ್ಣು ಉಳಿಯಬೇಕಲ್ಲ. ನಮ್ಮಲ್ಲಿ ಅದು ಹೋಗುವ ದಾರಿಗಳು ಪೇಟೆಯವರದ್ದಕ್ಕಿಂತ ಬೇರೆ.

ಒಂದು, ಸುಣ್ಣ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಅನ್ನುವ ಸಿಂಪಡಣೆ ದ್ರಾವಣ ಮಾಡುವಾಗ ಹಾರಿದ ಒಂದು ಹನಿ ಸಾಕು. ಸುಣ್ಣ ಕ್ಷಾರ. ಆಸಿಡ್‌ಗಿಂತ ಆಳಕ್ಕೆ ಇಳಿದು ಸುಡುತ್ತದೆ. ಆಸ್ಪತ್ರೆಗೆ ಓಡುವ ಮೊದಲು ನೀರು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರು ಬಿಡಬೇಕು. ಲೆನ್ಸ್ ಇದ್ದರೆ ತೆಗೆಯಿರಿ. ನಿಂಬೆಹುಳಿ ಹಾಕಿ ಸುಣ್ಣ ಮುರಿಯುತ್ತೇನೆ ಅಂತ ಹೊರಡಬೇಡಿ. ಬ್ಯಾರೆಲ್ ಹತ್ತಿರ ಯಾವಾಗಲೂ ಒಂದು ಬಕೆಟ್ ಒಳ್ಳೆಯ ನೀರು, ಒಂದು ಚೊಂಬು ಇರಲಿ.

ಎರಡು, ಎಲೆ, ಕಡ್ಡಿ. ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಕಣ್ಣಿಗೆ ತಾಗಿದರೆ, ಗದ್ದೆಯಲ್ಲಿ ಬತ್ತದ ಗರಿ ಗೀರಿದರೆ ಆ ಗಾಯಕ್ಕೆ ಶಿಲೀಂಧ್ರ ಹಿಡಿಯಬಹುದು. ಒಂದೆರಡು ದಿನ ಏನೂ ಅನಿಸುವುದಿಲ್ಲ. ಆಮೇಲೆ ಕೆಂಪು, ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಶಿಲೀಂಧ್ರ ಕೊಬ್ಬುತ್ತದೆ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದೂ ಗಾಯದ ಕಣ್ಣಿಗೆ ಬೇಡ. ಅಜ್ಜಿ ಹಾಕುತ್ತಿದ್ದರು ನಿಜ, ನನಗೂ ಹಾಕಿದ್ದಾರೆ. ಹೂವು ರೆಪ್ಪೆಯ ಮೇಲಿಟ್ಟು ತಂಪಾಗಿ ಮಲಗುವುದಕ್ಕೆ ನನ್ನ ತಕರಾರಿಲ್ಲ. ಇನ್ನು ಡಾಕ್ಟರ್ ಕೊಟ್ಟ ಹನಿಯೇ ಆದರೂ, ಬಾಟಲಿ ತೆರೆದು ತಿಂಗಳಾದರೆ ಎಸೆಯಿರಿ.

ಮೂರು, ಕಳೆ ಕೊಚ್ಚುವ ಯಂತ್ರ. ಕಲ್ಲಿನ ಚೂರು ಗುಂಡಿನ ಹಾಗೆ ಬರುತ್ತದೆ. ಸಾದಾ ಕನ್ನಡಕದ ಬದಿಯಲ್ಲಿ ಕಣ್ಣಿಗೆ ಏನೂ ಅಡ್ಡ ಇಲ್ಲ. ಏನಾದರೂ ಚುಚ್ಚಿಕೊಂಡರೆ ಕೀಳಲು ಹೋಗಬೇಡಿ, ಉಜ್ಜಬೇಡಿ, ಒತ್ತದಂತೆ ಮೇಲೊಂದು ಚಿಕ್ಕ ಲೋಟ ಮುಚ್ಚಿ ಕರೆದುಕೊಂಡು ಹೋಗಿ.

ಕತ್ತಿ ನೇತು ಹಾಕುವ ಗೋಡೆಯಲ್ಲಿ ಈಗ ನಮ್ಮಲ್ಲಿ ನಾಲ್ಕು ಗಾಗಲ್ ನೇತಾಡುತ್ತವೆ. ಅದರಲ್ಲಿ ಒಂದು ನನ್ನದು, ಕನ್ನಡಕದ ಮೇಲೆ ಹಾಕುವಷ್ಟು ದೊಡ್ಡದು. ಕೊಳ್ಳುವಾಗ ಎರಡು ವಿಷಯ ನೋಡಿ. ಬದಿಯಲ್ಲಿ ಗಾಳಿಯಾಡಲು ತೂತು ಇರಬೇಕು, ಇಲ್ಲದಿದ್ದರೆ ಆವಿ ಹಿಡಿದು ಎಲ್ಲರೂ ಹಣೆಗೇರಿಸಿಕೊಳ್ಳುತ್ತಾರೆ. ಬೋರ್ಡೋ ಸಿಂಪಡಣೆಗಾದರೆ ಆ ತೂತಿಗೆ ಮುಚ್ಚಳ ಇರುವ ಜಾತಿಯದ್ದೇ ಕೇಳಿ. ಬರೀ ತೂತಿನದ್ದು ಕಳೆ ಯಂತ್ರಕ್ಕೆ ಸಾಕು, ಸುಣ್ಣದ ನೀರು ಅದರಲ್ಲಿ ಒಳಗೆ ಬರುತ್ತದೆ.